ಅಮೆರಿಕದ ಚೆಸ್ಟರ್ ಆರ್ಥರ್ ಅವರನ್ನು ಸುಧಾರಕ ಅಧ್ಯಕ್ಷ ಅಂತ ಯಾಕೆ ಕರೆಯುತ್ತಾರೆ?

ಮುಖ್ಯ ಕಾರಣ, ಸರ್ಕಾರಿ ಕೆಲಸಕ್ಕೆ ಪರೀಕ್ಷೆ ತಂದ 1883ರ ಪೆಂಡಲ್ಟನ್ ಕಾಯ್ದೆ. ಅದಕ್ಕೂ ಮೊದಲು ಅಮೆರಿಕದಲ್ಲಿ ಸರ್ಕಾರಿ ಕೆಲಸ ಸಿಗುತ್ತಿದ್ದದ್ದು ಹೆಚ್ಚಾಗಿ ಪಕ್ಷಕ್ಕೆ ದುಡಿದವರಿಗೆ. ನೌಕರರ ಸಂಬಳದಲ್ಲೂ ಪಕ್ಷ ಪಾಲು ಕೇಳುತ್ತಿತ್ತು. ಆರ್ಥರ್ ಬೆಳೆದದ್ದೇ ಈ ವ್ಯವಸ್ಥೆಯಲ್ಲಿ. 1871ರಲ್ಲಿ ನ್ಯೂಯಾರ್ಕ್ ಬಂದರಿನ ಸುಂಕದ ಕಚೇರಿಯ ಮುಖ್ಯಸ್ಥರಾದರು. 1878ರಲ್ಲಿ ಆಗಿನ ಅಧ್ಯಕ್ಷ ಹೇಯ್ಸ್, ಆರ್ಥರ್ ಅವರನ್ನು ಅಲ್ಲಿಂದ ತೆಗೆದುಹಾಕಿದರು.

1881ರಲ್ಲಿ, ಸರ್ಕಾರಿ ಹುದ್ದೆ ಸಿಗದ ಸಿಟ್ಟಿಗೆ ಒಬ್ಬಾತ, ಆಗಿನ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡು ಹೊಡೆದ. ಅವರು ತೀರಿಕೊಂಡ ಮೇಲೆ ಉಪಾಧ್ಯಕ್ಷ ಆರ್ಥರ್ ಆ ಕುರ್ಚಿಗೆ ಬಂದರು. ಇನ್ನು ಹಳೇ ಗೆಳೆಯರದ್ದೇ ದರ್ಬಾರು ಅಂತ ತುಂಬಾ ಜನ ಹೆದರಿದ್ದರು. ಆದರೆ ಅದೇ ಆರ್ಥರ್ ಕಾಯ್ದೆಗೆ ಸಹಿ ಹಾಕಿದರು, ಪ್ರಾಮಾಣಿಕವಾಗಿ ಜಾರಿಗೂ ತಂದರು. ಪರೀಕ್ಷೆ ಬರೆದು ಕೆಲಸ ಪಡೆಯುವ ಪದ್ಧತಿ ಶುರುವಾಯಿತು. ಮೊದಲಿಗೆ ಅದು ಸುಮಾರು ಶೇ 10ರಷ್ಟು ಹುದ್ದೆಗಳಿಗೆ ಮಾತ್ರ ಇತ್ತು, ಆಮೇಲೆ ಬೆಳೆಯಿತು. ತನ್ನನ್ನು ಬೆಳೆಸಿದ ಪದ್ಧತಿಯನ್ನೇ ಮುರಿಯುವುದು ಸಣ್ಣ ಮಾತಲ್ಲ, ಅಲ್ವಾ?

ನನಗೆ ಅವರ ವಕೀಲಿಕೆಯ ದಿನಗಳೂ ಮುಖ್ಯ ಅನ್ನಿಸುತ್ತವೆ. ಎಲಿಜಬೆತ್ ಜೆನಿಂಗ್ಸ್ ಎಂಬ ಕಪ್ಪು ಶಿಕ್ಷಕಿಯನ್ನು ನ್ಯೂಯಾರ್ಕಿನ ಕುದುರೆ ಟ್ರಾಮಿನಿಂದ ಹೊರಗೆ ದಬ್ಬಿದ್ದರು. 1855ರಲ್ಲಿ ಆಕೆಯ ಪರ ವಾದಿಸಿ ಗೆದ್ದದ್ದು ಯುವಕ ಆರ್ಥರ್. ಆದರೆ 1882ರಲ್ಲಿ ಚೀನೀ ಕೂಲಿಕಾರರು ದೇಶಕ್ಕೆ ಬರದಂತೆ 10 ವರ್ಷ ತಡೆದ ಕಾನೂನಿಗೂ ಅವರದೇ ಸಹಿ ಇದೆ. ಅದನ್ನು ಬಿಟ್ಟು ಅವರನ್ನು ಹೊಗಳುವುದು ಸರಿಯಲ್ಲ.