ನೀರಾ, ಹೆಂಡ, ಸಾರಾಯಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತೆಂಗಿನ ನೀರಾ ಇಳಿಸಲು ಪರವಾನಗಿ ಪಡೆದಿದ್ದೇವೆ. ಮಡಕೆಗೆ ಸುಣ್ಣ ಬಳಿದರೂ ಬೆಳಿಗ್ಗೆ ಎಂಟರ ಹೊತ್ತಿಗೆ ಹುಳಿ ವಾಸನೆ ಬರುತ್ತದೆ. ತಪ್ಪೆಲ್ಲಿ? (ತಿಪಟೂರು)

ಉತ್ತರ: ಮೊದಲು ಮಡಕೆಯನ್ನೇ ನೋಡಿ. ಹೊಂಬಾಳೆಯಿಂದ ತೊಟ್ಟಿಕ್ಕುವ ತಾಜಾ ರಸವೇ ನೀರಾ. ಅದರಲ್ಲಿ ನೂರಕ್ಕೆ 12ರಿಂದ 15 ಪಾಲು ಸಕ್ಕರೆ ಇರುತ್ತದೆ, ಮದ್ಯ ಇರುವುದಿಲ್ಲ. ಅದಕ್ಕೆ ಯೀಸ್ಟ್ (ಹುಳಿ ಬರಿಸುವ ಸೂಕ್ಷ್ಮಜೀವಿ) ಸೇರಿದರೆ ನಾಲ್ಕೈದು ಗಂಟೆಯಲ್ಲಿ ಹೆಂಡ, ಮಾರನೆಯ ದಿನ ಬಿಟ್ಟರೆ ಹುಳಿನೀರು. ಮಣ್ಣಿನ ಮಡಕೆಯ ಸಣ್ಣ ರಂಧ್ರಗಳಲ್ಲಿ ನಿನ್ನೆಯ ಯೀಸ್ಟ್ ಕೂತಿರುತ್ತದೆ, ತಣ್ಣೀರಲ್ಲಿ ಗಲಬರಿಸಿದರೆ ಅದು ಹೋಗದು. ಕುದಿನೀರು ಹಾಕಿ ಉಜ್ಜಿ, ಬೋರಲು ಹಾಕಿ ಹೊಗೆಯಲ್ಲಿ ಚೆನ್ನಾಗಿ ಒಣಗಿಸಿ. ಆಮೇಲೆ ಸುಣ್ಣದ ತಿಳಿಯನ್ನಲ್ಲ, ಗಟ್ಟಿ ಸುಣ್ಣವನ್ನೇ ಒಳಮೈಗೆಲ್ಲ ಬಳಿಯಿರಿ. ಸುಣ್ಣದ ಕ್ಷಾರದಲ್ಲಿ ಯೀಸ್ಟ್ ಬೆಳೆಯದು. ರಾತ್ರಿ ಮಳೆನೀರು ಇಳಿದರೆ ಸುಣ್ಣ ತೆಳುವಾಗುತ್ತದೆ, ಮಡಕೆಯ ಬಾಯಿ ಮುಚ್ಚಿ. ಹೊಂಬಾಳೆಯ ತುದಿಯನ್ನು ಬೆಳಿಗ್ಗೆ, ಸಂಜೆ ತೆಳ್ಳಗೆ ಸವರುವ ಕತ್ತಿಯನ್ನೂ ಪ್ರತಿಸಲ ತೊಳೆಯಬೇಕು. ಇದನ್ನು ಮರೆಯುವವರೇ ಹೆಚ್ಚು. ಸುಣ್ಣ ಅತಿಯಾದರೆ ಬಾಯಿ ಒಗರು, ಬೆಲ್ಲವೂ ಕಪ್ಪಾಗುತ್ತದೆ. ಕುಡಿಯಲು ಮಾರುವುದಾದರೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ರೂಪಿಸಿದ ಐಸ್ ಪೆಟ್ಟಿಗೆಯೇ ಒಳ್ಳೆಯದು. ಸುಣ್ಣ ಬೇಡ, ತಂಪಿನಲ್ಲೇ ರಸ ಕೆಡದೆ ನಿಲ್ಲುತ್ತದೆ. ಹಾಗೆ ಇಳಿಸಿದ ರಸದ ಹೆಸರು ಕಲ್ಪರಸ.

ಪ್ರಶ್ನೆ: ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರ ಕಡಿದದ್ದು ಕುಡಿತ ಬಿಡಿಸಲೆಂದೇ? (ಚಿತ್ರದುರ್ಗ)

ಉತ್ತರ: 1939ರಲ್ಲಿ ನಡೆದದ್ದು. ಪಾನನಿಷೇಧ ಗಾಂಧೀಜಿಯವರ ಕಾರ್ಯಕ್ರಮವಾಗಿತ್ತು, ಅದು ನಿಜ. ಆದರೆ ಹೆಂಡದ ಗುತ್ತಿಗೆಯ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತಿತ್ತು. ಮರ ಉರುಳಿದರೆ ಆ ಆದಾಯವೂ ಉರುಳಿದಂತೆ. ಕೊಡಲಿ ಏಟು ಕುಡುಕನಿಗಿಂತ ಬೊಕ್ಕಸಕ್ಕೇ ಹೆಚ್ಚು ತಗಲಲಿ ಎಂಬ ಲೆಕ್ಕವೂ ಅದರಲ್ಲಿತ್ತು ಅನ್ನುವುದು ನಮ್ಮ ಅನಿಸಿಕೆ. ಮರ ಏರಿ ಬದುಕುತ್ತಿದ್ದವರ ಕೂಲಿಗೂ ಅದೇ ಏಟು ಬಿತ್ತೆನ್ನುವುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಈಚಲನ್ನು ತೆಂಗಿನಂತೆ ಹೊಂಬಾಳೆಯಲ್ಲಿ ಇಳಿಸುವುದಿಲ್ಲ. ತಲೆಯ ಕೆಳಗೆ ಒಂದು ಮಗ್ಗುಲು ಕೆತ್ತಿ ರಸ ಹರಿಸುತ್ತಾರೆ, ಮುಂದಿನ ಸಲ ಎದುರು ಮಗ್ಗುಲು. ಹಾಗಾಗಿ ಹಳೆಯ ಮರದ ಮೈ ಹಾವಿನ ಹಾದಿಯಂತೆ ಡೊಂಕು.

ಪ್ರಶ್ನೆ: ಸಾರಾಯಿ, ಹೆಂಡ ಒಂದೇ ತಾನೆ? ಕಳ್ಳಭಟ್ಟಿ ಕುಡಿದವರ ಕಣ್ಣು ಹೋಗುವುದೇಕೆ? (ರಾಯಚೂರು)

ಉತ್ತರ: ಒಂದಲ್ಲ. ಹೆಂಡ ತಾನಾಗಿ ಹುಳಿತದ್ದು, ಮದ್ಯಸಾರ ನೂರಕ್ಕೆ 4ರಿಂದ 6 ಪಾಲು. ಸಾರಾಯಿ ಭಟ್ಟಿ ಇಳಿಸಿದ್ದು. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಗಿದೆ.

ಕಣ್ಣು ಹೋಗುವುದು ಮಿಥೈಲ್ ಆಲ್ಕೊಹಾಲಿನಿಂದ. ಇದು ಬಣ್ಣ, ವಾರ್ನಿಶ್ ಕೆಲಸಕ್ಕೆ ಬಳಸುವ ದ್ರಾವಕ. ಅಗ್ಗವೆಂದು ಕಲಬೆರಕೆ ಮಾಡುತ್ತಾರೆ. ರುಚಿಯಲ್ಲಿ, ವಾಸನೆಯಲ್ಲಿ ಗುರುತು ಸಿಗದು. ಯಕೃತ್ತು ಅದನ್ನು ಫಾರ್ಮಿಕ್ ಆಮ್ಲ ಮಾಡುತ್ತದೆ, ಆ ಆಮ್ಲ ಕಣ್ಣಿನ ನರವನ್ನು ಸುಡುತ್ತದೆ. 10 ಮಿಲಿಲೀಟರ್ ಒಳಹೋದರೂ ಕುರುಡಾಗಬಹುದು, 30 ಮಿಲಿಲೀಟರ್ ಜೀವ ತೆಗೆಯಬಹುದು. ಮೊದಲು ಅಮಲಷ್ಟೇ, ಕಣ್ಣು ಮಂಜಾಗುವುದು ಎಷ್ಟೋ ಸಲ ಅರ್ಧ ದಿನ ಕಳೆದ ಮೇಲೆ. ‘ಮಲಗಿದರೆ ಇಳಿಯುತ್ತೆ’ ಅಂತ ಬಿಡುವುದೇ ದೊಡ್ಡ ತಪ್ಪು. ಡಯಾಲಿಸಿಸ್ ಇರುವ ಆಸ್ಪತ್ರೆಗೆ ತಕ್ಷಣ ಒಯ್ಯಿರಿ, ಬಾಟಲಿಯಲ್ಲಿ ಉಳಿದದ್ದನ್ನು ಚೆಲ್ಲದೆ ಜೊತೆಗೆ ತೆಗೆದುಕೊಂಡು ಹೋಗಿ. ಜೊತೆಯಲ್ಲಿ ಕುಡಿದ ಉಳಿದವರನ್ನೂ, ಅವರು ಚೆನ್ನಾಗಿಯೇ ಇದ್ದರೂ, ಕರೆದೊಯ್ಯಿರಿ.