ಕೇಳಿ, ಹೇಳುತ್ತೇವೆ: ಪ್ರಬಂಧದ ಚಿತ್ರ ಮೇಳದ ಮಳಿಗೆಗೆ ಬಂದಾಗ

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿಗೆ ಬೀಳುವ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಹುಳುವಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಧಾರವಾಡದ ಕೃಷಿ ಮೇಳಕ್ಕೆಂದು ಮೈಕ್ರೋಸ್ಕೋಪಿನಲ್ಲಿ ತೆಗೆದ ಹುಳುವಿನ ಫೋಟೋವನ್ನು 4 ಅಡಿ ಅಗಲದ ಫ್ಲೆಕ್ಸ್ ಮಾಡಿಸಿದ್ದೆ. ರೈತರೊಬ್ಬರು ‘ಇಷ್ಟ ದೊಡ್ಡ ಹುಳ ನಮ್ಮ ಹೊಲದಾಗ ಇಲ್ಲ ಬಿಡ್ರಿ’ ಅಂದು ಮುಂದೆ ಹೋದರು. ಫೋಟೋ ಮಸುಕಾಗಿತ್ತು, ಒತ್ತಕ್ಷರಗಳೂ ಒಡೆದಿದ್ದವು. ಎಲ್ಲಿ ತಪ್ಪಿತು?
– ಸಂಶೋಧನಾ ವಿದ್ಯಾರ್ಥಿನಿ, ಹಾವೇರಿ

ಉತ್ತರ: ಆ ರೈತರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಸುಮಾರು 1 ಮಿ.ಮೀ. ಉದ್ದದ ಹುಳು ಫ್ಲೆಕ್ಸಿನಲ್ಲಿ ಒಂದು ಅಡಿಯಾದರೆ ಅದು 300 ಪಟ್ಟು ಹಿಗ್ಗಿದಂತೆ. ಅದನ್ನು ತಮ್ಮ ಹೊಲದ ಹುಳುವಿಗೆ ಹೊಂದಿಸಿ ನೋಡಲು ನೀವು ಅವರಿಗೆ ಯಾವ ಗುರುತನ್ನೂ ಕೊಟ್ಟಿಲ್ಲ. ರೆಕ್ಕೆಯಂಚಿನ ಕೂದಲಿನ ಸಾಲು ನಿಮ್ಮ ಪರೀಕ್ಷಕರಿಗೆ ಬೇಕು. ರೈತರು ದಿನಾ ಕೈಯಲ್ಲಿ ಹಿಡಿಯುವುದು ಎಲೆಯನ್ನು. ಆದ್ದರಿಂದ ಎಲೆಯಿಂದಲೇ ಶುರು ಮಾಡಿ.

ಥ್ರಿಪ್ಸ್ ರಸ ಹೀರಿದ ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗುತ್ತದೆ, ಮೈಟ್ ನುಸಿ ಬಿದ್ದ ಎಲೆ ಕೆಳಕ್ಕೆ ಮುದುಡುತ್ತದೆ. ಈ ಎರಡು ಎಲೆಗಳನ್ನು ಅಕ್ಕಪಕ್ಕ ಇಟ್ಟು, ಮೂರನೆಯದಾಗಿ ಒಂದು ಆರೋಗ್ಯವಂತ ಎಲೆ ಸೇರಿಸಿದರೆ ಫ್ಲೆಕ್ಸಿನ ಅರ್ಧ ಕೆಲಸ ಮುಗಿಯಿತು. ಮೂರನ್ನೂ ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ ತೆಗೆಯಬೇಕು. ಮಿನುಗದ ಬೂದು ಬಣ್ಣದ ಚಾರ್ಟ್ ಹಾಳೆ ಹಾಸಿ, ಬಿಸಿಲು ನೇರ ಬೀಳದಂತೆ ಬಟರ್ ಪೇಪರ್ ಅಡ್ಡ ಹಿಡಿಯಿರಿ. ಮೊಬೈಲನ್ನು ಎಲೆಗೆ ಮೂಗು ತಾಗುವಷ್ಟು ಹತ್ತಿರ ಒಯ್ದರೆ ಆಕಾರ ಸೊಟ್ಟಗಾಗುತ್ತದೆ. ಒಂದು ಅಡಿ ದೂರ ನಿಂತು 2 ಪಟ್ಟು ಝೂಮ್ ಮಾಡುವುದು ಮೇಲು. ಎಲೆಯ ಪಕ್ಕದಲ್ಲಿ ಮಿ.ಮೀ. ಗೆರೆಯಿರುವ ಸ್ಕೇಲ್ ಇರಲಿ. ವೈರಸ್ ರೋಗದಿಂದಲೂ ಎಲೆ ಮುಟುರುತ್ತದೆ, ಹಾಗಾಗಿ ‘ಮುಟುರಿದ್ದೆಲ್ಲ ಥ್ರಿಪ್ಸ್ ಅಲ್ಲ’ ಎಂಬ ಸಾಲನ್ನು ಚಿತ್ರದ ಕೆಳಗೇ ಹಾಕಿ. ಇಲ್ಲದಿದ್ದರೆ ನಿಮ್ಮ ಚಿತ್ರ ನೋಡಿದವರು ಬೇಡದ ಔಷಧಿ ಹೊಡೆಯುತ್ತಾರೆ.

ಎರಡನೇ ಚಿತ್ರ: ಮೆಣಸಿನ ಹೂವನ್ನು ಬಿಳಿ ಹಾಳೆಯ ಮೇಲೆ ತಟ್ಟಿದಾಗ ಉದುರುವ ಹುಳುಗಳು. 2021ರಲ್ಲಿ ಮೆಣಸಿನಕಾಯಿ ಬೆಳೆಗಾರರನ್ನು ಕಂಗೆಡಿಸಿದ ಕಪ್ಪು ಥ್ರಿಪ್ಸ್ ಹೆಚ್ಚಾಗಿ ಹೂವಿನಲ್ಲೇ ಸೇರಿಕೊಳ್ಳುತ್ತದೆ. ಹಾಳೆಯ ಮೇಲೆ ಅದು ಪೆನ್ಸಿಲ್ ಮೊನೆಯಿಂದ ಎಳೆದ ಗೀಟಿನಷ್ಟೇ ಕಾಣುತ್ತದೆ. ಆ ಹಾಳೆಯ ಫೋಟೋದಲ್ಲಿ ಒಂದು ಹುಳುವಿಗೆ ಸುತ್ತು ಹಾಕಿ, ಅಲ್ಲಿಂದ ಗೆರೆ ಎಳೆದು, ಮೈಕ್ರೋಸ್ಕೋಪ್ ಚಿತ್ರವನ್ನು ಮೂಲೆಯಲ್ಲಿ ಚಿಕ್ಕದಾಗಿ ಕೂರಿಸಿ. ಕಣ್ಣು ತಾನಾಗಿ ಎಲೆಯಿಂದ ಹೂವಿಗೆ, ಹೂವಿನಿಂದ ಹುಳುವಿಗೆ ಹೋಗುತ್ತದೆ.

ಆ ಚಿಕ್ಕ ಚಿತ್ರದ ಮೇಲೆ ‘40 ಪಟ್ಟು’ ಎಂದು ಬರೆಯಬೇಡಿ. ಫ್ಲೆಕ್ಸ್ ದೊಡ್ಡದಾದ ಕೂಡಲೇ ಆ ಲೆಕ್ಕ ಸುಳ್ಳಾಗುತ್ತದೆ. ಅದರ ಬದಲು ಅಳತೆಪಟ್ಟಿ (ಇಷ್ಟು ಉದ್ದ ಅಂದರೆ ಇಷ್ಟು ಮಿ.ಮೀ. ಎಂದು ತೋರಿಸುವ ಗೆರೆ) ಹಾಕಿದರೆ ಅದೂ ಚಿತ್ರದ ಜೊತೆಗೇ ಹಿಗ್ಗುತ್ತದೆ, ಕುಗ್ಗುತ್ತದೆ. ಹುಳು ತೆಗೆದ ಅದೇ ಲೆನ್ಸಿನಲ್ಲಿ ಸ್ಟೇಜ್ ಮೈಕ್ರೋಮೀಟರಿನ (ಸಣ್ಣ ಅಳತೆ ಗೆರೆಗಳಿರುವ ಗಾಜಿನ ಪಟ್ಟಿ) ಒಂದು ಫೋಟೋ ತೆಗೆಯಿರಿ. ಅದರಲ್ಲಿ 1 ಮಿ.ಮೀ.ಗೆ 1600 ಪಿಕ್ಸೆಲ್ ಬಂದಿದ್ದರೆ, 800 ಪಿಕ್ಸೆಲ್ ಉದ್ದದ ಗೆರೆ ಅಂದರೆ ಅರ್ಧ ಮಿ.ಮೀ. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶಕ್ಕೆ ಈ ಅಳತೆ ಕೊಟ್ಟರೆ ಪಟ್ಟಿಯನ್ನು ಅದೇ ಹಾಕುತ್ತದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರವಾದರೆ ಇನ್ನೊಂದು ಮಾತು: ಅದು ಬರುವುದೇ ಕಪ್ಪು-ಬಿಳುಪಿನಲ್ಲಿ. ಚೆಂದಕ್ಕೆ ಬಣ್ಣ ತುಂಬಿದ್ದರೆ ‘ಬಣ್ಣ ನಂತರ ಸೇರಿಸಿದ್ದು’ ಎಂದು ಬರೆಯಲೇಬೇಕು.

ಮಸುಕಾದದ್ದಕ್ಕೆ ಕಾರಣ ಬಹುಶಃ ವಾಟ್ಸ್‌ಆ್ಯಪ್. ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಸಾಮಾನ್ಯವಾಗಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿಸುತ್ತದೆ. 4 ಅಡಿ ಅಂದರೆ 48 ಇಂಚು, ಇಂಚಿಗೆ 33 ಪಿಕ್ಸೆಲ್ ಸಾಲದು. ಎರಡು ಮೀಟರ್ ದೂರದಿಂದ ನೋಡುವ ಫ್ಲೆಕ್ಸಿಗೆ ಇಂಚಿಗೆ 100 ಇದ್ದರೆ ನಡೆಯುತ್ತದೆ, ಕೈಯಲ್ಲಿ ಹಿಡಿದು ಓದುವ ಕರಪತ್ರಕ್ಕೆ 300 ಬೇಕು. ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಒಯ್ಯಿರಿ.

ಇನ್ನು ಒತ್ತಕ್ಷರ. ಅಚ್ಚಿನಂಗಡಿಗಳು ಬಳಸುವ ವಿನ್ಯಾಸ ತಂತ್ರಾಂಶ ಕೋರೆಲ್‌ಡ್ರಾದ ಹಳೆಯ ಆವೃತ್ತಿ ಯುನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುವುದಿಲ್ಲ, ‘ಕ್ಷೇತ್ರ’ ಹೋಗಿ ‘ಕ್‌ಷೇತ್‌ರ’ ಆಗುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ವಿನ್ಯಾಸ ಮಾಡಿ, ಅಕ್ಷರಗಳನ್ನು ಗೆರೆಚಿತ್ರವಾಗಿ ಬದಲಿಸಿ (ಅಲ್ಲಿ ಇದನ್ನು ‘ಪಾಥ್’ ಎನ್ನುತ್ತಾರೆ), ಪಿಡಿಎಫ್ ಕೊಡಿ. ಬದಲಿಸಿದ ಮೇಲೆ ಒಂದು ಕಾಗುಣಿತವನ್ನೂ ತಿದ್ದಲಾಗದು, ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ. ಅಚ್ಚಿಗೆ ಹಾಕುವ ಮುನ್ನ ಅಂಗಡಿಯ ಪರದೆಯ ಮೇಲೆ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ ನೋಡಿ.

ಪ್ರಶ್ನೆ: ಗದಗ ಜಿಲ್ಲೆಯ ಮಾಗಡಿ ಕೆರೆಯ ನೀರಿನ ಹರವನ್ನು ಉಪಗ್ರಹ ಚಿತ್ರಗಳಲ್ಲಿ ಅಳೆಯುತ್ತಿದ್ದೇನೆ. ಊರಿನವರಿಗೆ ನಕ್ಷೆ ತೋರಿಸಿದರೆ ಕೆಂಪು ಬಣ್ಣ ಕಂಡು ‘ಬರ ಬಿದ್ದೈತೇನು?’ ಎನ್ನುತ್ತಾರೆ.
– ಎಂ.ಎಸ್ಸಿ. ವಿದ್ಯಾರ್ಥಿ, ಗದಗ

ಉತ್ತರ: ಹಸಿರು ಎಲೆ ಹೆಚ್ಚು ಚೆಲ್ಲುವ, ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ತಜ್ಞರು ಕೆಂಪಾಗಿ ತೋರಿಸುವುದು ರೂಢಿ. ನಿಮ್ಮ ನಕ್ಷೆಯಲ್ಲಿ ದಟ್ಟ ಬೆಳೆಯೇ ಕೆಂಪಾಗಿರುತ್ತದೆ, ಊರವರು ಅದನ್ನು ತಿರುವು ಮುರುವಾಗಿ ಓದುವುದು ಸಹಜ. ಅವರ ಮುಂದೆ ಸಹಜ ಬಣ್ಣದ ಚಿತ್ರವನ್ನೇ ಇಟ್ಟು, ನೀರಿಗೆ ಮಾತ್ರ ನೀಲಿ ತುಂಬಿ. ಹೆಚ್ಚು-ಕಡಿಮೆ ತೋರಿಸಲು ಕೆಂಪು-ಹಸಿರು ಜೋಡಿ ಬೇಡ, ಆ ಎರಡನ್ನೂ ಬೇರೆ ಮಾಡಿ ನೋಡಲಾಗದ ಗಂಡಸರು ಎಲ್ಲ ಊರಿನಲ್ಲೂ ಇರುತ್ತಾರೆ. ತಿಳಿಯಿಂದ ಕಡುವಿಗೆ ಹೋಗುವ ಒಂದೇ ನೀಲಿ ಸಾಕು.

ಬಣ್ಣಕ್ಕಿಂತ ದೊಡ್ಡ ಮೋಸ ತಿಂಗಳಿನದು. ನವೆಂಬರಿನ ತುಂಬಿದ ಕೆರೆಯ ಪಕ್ಕ ಮೇ ತಿಂಗಳ ಕೆರೆ ಇಟ್ಟರೆ ಯಾವ ಕೆರೆಯೂ ಬತ್ತಿದಂತೆ ಕಾಣುತ್ತದೆ. ನವೆಂಬರಿಗೆ ನವೆಂಬರನ್ನೇ ಹೋಲಿಸಿ, ಚಿತ್ರದ ಮೇಲೆ ತಾರೀಖು ದಪ್ಪಗೆ ಹಾಕಿ. ಮಳೆಗಾಲದಲ್ಲಿ ಮೋಡ ಅಡ್ಡ ಬರುವುದರಿಂದಲೂ ನವೆಂಬರ್ ಒಳ್ಳೆಯದು. ಪಟ್ಟೆತಲೆ ಹೆಬ್ಬಾತುಗಳು ಬರುವುದೂ ಚಳಿಗಾಲಕ್ಕೇ, ಜನರ ಆಸಕ್ತಿ ಆಗ ಕೆರೆಯ ಮೇಲಿರುತ್ತದೆ.

ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚೌಕದ ಬದಿ ನೆಲದ ಮೇಲೆ 10 ಮೀಟರ್. ಸುಮಾರು 50 ಹೆಕ್ಟೇರಿನ, 2024ರಲ್ಲಿ ರಾಮ್ಸರ್ ಪಟ್ಟಿ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಈ ಕೆರೆ ಅದರಲ್ಲಿ 5 ಸಾವಿರ ಚೌಕ ಮಾತ್ರ. ದಂಡೆಯ ಚೌಕಗಳಲ್ಲಿ ನೀರು, ಕೆಸರು, ಜೊಂಡು ಮೂರೂ ಬೆರೆತಿರುತ್ತವೆ. ಕೆರೆಯಂಚನ್ನು ಚೂಪಾದ ಒಂದೇ ಗೆರೆಯಲ್ಲಿ ಎಳೆದರೆ ‘ನನ್ನ ಹೊಲದ ಬದುವಿನ ತನಕ ನೀರಿತ್ತು’ ಎಂಬ ಜಗಳಕ್ಕೆ ನೀವೇ ದಾರಿ ಮಾಡಿದಂತೆ. ಅಂಚನ್ನು ತಿಳಿಯಾಗಿ, ಅಗಲವಾಗಿ ಎಳೆಯಿರಿ. ಊರಿನ ಹೆಸರು, ಕೆರೆ ಏರಿ, ಗುಡಿ, ಗದಗದ ಕಡೆಗೆ ಹೋಗುವ ರಸ್ತೆ ಇಷ್ಟನ್ನು ಗುರುತಿಸಿದರೆ ಅಕ್ಷಾಂಶ ರೇಖಾಂಶ ಯಾರಿಗೂ ಬೇಕಾಗದು.

ಪ್ರಶ್ನೆ: ಇನ್ನೂ ಪ್ರಕಟವಾಗದ ಸಂಶೋಧನೆಯ ಫೋಟೋ ಪ್ರದರ್ಶನಕ್ಕೆ ಇಡಬಾರದು ಎನ್ನುತ್ತಾರೆ ನಮ್ಮ ಗೈಡ್. ಹೌದೇ?
– ಸಂಶೋಧನಾ ವಿದ್ಯಾರ್ಥಿ, ಧಾರವಾಡ

ಉತ್ತರ: ಪೇಟೆಂಟ್ ಪಡೆಯುವ ಯೋಚನೆಯಿದ್ದರೆ ಅವರ ಮಾತು ಕೇಳಿ. ಅರ್ಜಿಗೆ ಮೊದಲು ಬಹಿರಂಗವಾಗಿ ತೋರಿಸಿದ್ದನ್ನು ಸಾಮಾನ್ಯವಾಗಿ ಹೊಸದೆಂದು ಪರಿಗಣಿಸುವುದಿಲ್ಲ, ವಿನಾಯಿತಿ ಕೆಲವೇ ಸಂದರ್ಭಗಳಿಗೆ. ಪೇಟೆಂಟಿನ ಮಾತಿಲ್ಲದಿದ್ದರೆ ನೀವು ಲೇಖನ ಕಳಿಸಲಿರುವ ಪತ್ರಿಕೆಯ ನಿಯಮ ಓದಿ ನಿರ್ಧರಿಸಿ. ಪ್ರಕಟವಾದ ಮೇಲೂ ಹಕ್ಕನ್ನು ಪತ್ರಿಕೆಗೆ ಬರೆದುಕೊಟ್ಟಿದ್ದರೆ ನಿಮ್ಮದೇ ಚಿತ್ರಕ್ಕೆ ಅನುಮತಿ ಬೇಕಾಗಬಹುದು. ಅದೇ ಗಿಡದ, ಅದೇ ದಿನದ ಇನ್ನೊಂದು ಫೋಟೋ ತೆಗೆದಿಟ್ಟುಕೊಂಡರೆ ಈ ತಾಪತ್ರಯವಿಲ್ಲ. ಚಿತ್ರದಲ್ಲಿ ರೈತರ ಮುಖವಿದ್ದರೆ ಅವರನ್ನು ಮೊದಲೇ ಕೇಳಿ, ಎಲ್ಲೆಲ್ಲಿ ಹಾಕುತ್ತೀರಿ ಎಂಬುದನ್ನೂ ಹೇಳಿ. ಕೈ ಮಾತ್ರ ಬರುವಂತೆ ತೆಗೆದರೂ ಎಲೆ ಅಷ್ಟೇ ಚೆನ್ನಾಗಿ ಕಾಣುತ್ತದೆ.