ಬೀಳೋ ಕಲ್ಲಿಗೇ ಬೋಲ್ಟ್ ಹೊಡೆದರೆ ಅದು ಹೇಗೆ ನಿಲ್ಲುತ್ತದೆ?

ಸಿವಿಲ್ ಓದುತ್ತಿದ್ದೀರಿ ಅಂದಿದ್ದೀರಿ. ನಿಮ್ಮ ಅನುಮಾನ ಎರಡು. ಗಣಿಯೊಳಗೆ ಕೆಳಗಿನಿಂದ ಕಂಬ ಕೊಡದೆ, ಬೀಳುವ ಕಲ್ಲಿಗೇ ಬೋಲ್ಟ್ (ಛಾವಣಿಗೆ ಕೊರೆದ ತೂತಿನೊಳಗೆ ಕೂರಿಸುವ ಉಕ್ಕಿನ ಸರಳು) ಹೊಡೆದರೆ ಏನು ಪ್ರಯೋಜನ? ಮತ್ತೆ ರೂಫ್ ಟ್ರಸ್ ಅಂದರೆ ಶೆಡ್ಡಿನ ಮೇಲಿರುವ ತ್ರಿಕೋನದ ಟ್ರಸ್ಸೇನಾ?

ನಾನು ತೆಲಂಗಾಣದ ಗೋದಾವರಿ ಕಣಿವೆಯ ಕಲ್ಲಿದ್ದಲು ಗಣಿಗಳಲ್ಲಿ ಸಪೋರ್ಟ್ ಕೆಲಸ ನೋಡಿಕೊಳ್ಳುವವನು. ಹಾಗಾಗಿ ಕಲ್ಲಿದ್ದಲು ಗಣಿಯ ಮಾತನ್ನೇ ಆಡುತ್ತೇನೆ. ನಮ್ಮ ಹಟ್ಟಿಯಂಥ ಚಿನ್ನದ ಗಣಿಯಲ್ಲಿ ಬಂಡೆ ಗಟ್ಟಿ. ಅಲ್ಲಿ ಪದರಗಳಿಗಿಂತ ಬಿರುಕುಗಳ ನಡುವೆ ಸಿಕ್ಕಿಕೊಂಡ ತುಂಡುಗಳದ್ದೇ ಚಿಂತೆ. ಆ ಲೆಕ್ಕ ಬೇರೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಮೇಲಿನ ಇಡೀ ಬೆಟ್ಟದ ಭಾರ ಹೊರುವುದು ಬೋಲ್ಟ್ ಅಲ್ಲ. ಅದನ್ನು ಹೊರುವುದು ಕಲ್ಲಿದ್ದಲು ಕಡಿಯದೆ ಬಿಟ್ಟ ಪಿಲ್ಲರ್‌ಗಳು. ಬೋಲ್ಟಿನ ಪಾಲಿಗೆ ಬರುವುದು ಗ್ಯಾಲರಿಯ, ಅಂದರೆ ಕಲ್ಲಿದ್ದಲು ಕಡಿದು ಮಾಡಿದ ಸುರಂಗದಾರಿಯ, ನೆತ್ತಿಯ ಮೇಲಿನ ಒಂದೆರಡು ಮೀಟರ್ ಮಾತ್ರ. ಆ ಭಾಗ ಸಾಮಾನ್ಯವಾಗಿ ಪದರ ಪದರವಾದ ಶೇಲ್ (ಜೇಡಿ ಗಟ್ಟಿಯಾಗಿ ಆದ ಕಲ್ಲು) ಅಥವಾ ಮರಳುಗಲ್ಲು. ಕೆಳಗಿನ ಕಲ್ಲಿದ್ದಲು ಹೋದ ತಕ್ಷಣ ಪದರಗಳು ಜೋತು ಬೀಳುತ್ತವೆ, ಒಂದರಿಂದ ಒಂದು ಬಿಟ್ಟುಕೊಳ್ಳುತ್ತವೆ. ಬೀಳುವುದು ಆಮೇಲೆ.

ನಾಲ್ಕು ತೆಳು ಹಲಗೆಗಳನ್ನು ಒಂದರ ಮೇಲೊಂದು ಸುಮ್ನೆ ಇಟ್ಟು ನಡುವೆ ಒತ್ತಿ ನೋಡಿ. ಸುಲಭವಾಗಿ ಬಾಗುತ್ತವೆ. ಅದೇ ನಾಲ್ಕನ್ನು ಜಾರದಂತೆ ಬಿಗಿಯಾಗಿ ಬೆಸೆದರೆ ಬಿಗುವು ಹದಿನಾರು ಪಟ್ಟು ಜಾಸ್ತಿ, ಯಾಕೆಂದರೆ ಅದು ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ: ಬೆಸೆದದ್ದಕ್ಕೆ 64, ಬಿಡಿ ನಾಲ್ಕೂ ಸೇರಿ 4. ಇದನ್ನು ನೀವು ಬೀಮ್ ಪಾಠದಲ್ಲಿ ಓದಿರುತ್ತೀರಿ. ಬೋಲ್ಟ್ ಮಾಡುವುದು ಇದನ್ನೇ. ಕಲ್ಲನ್ನು ಅದು ಎತ್ತಿ ಹಿಡಿಯುವುದಿಲ್ಲ, ಪದರಗಳನ್ನು ಹೊಲಿದು ಕಲ್ಲೇ ತನ್ನನ್ನು ತಾನು ಹೊರುವ ಹಾಗೆ ಮಾಡುತ್ತದೆ. ಮೇಲೆ ಗಟ್ಟಿ ಮರಳುಗಲ್ಲಿನ ಪದರ ಸಿಕ್ಕರೆ, ಕೆಳಗಿನ ಸಡಿಲ ಪದರವನ್ನು ಅದಕ್ಕೆ ತೂಗು ಹಾಕಿದ ಹಾಗೂ ಆಗುತ್ತದೆ.

ಹಾಗಾಗಿ ಬೋಲ್ಟ್ ಹೊಡೆಯುವ ಹೊತ್ತು ಮುಖ್ಯ. ಮರದ ಕಂಬ ಛಾವಣಿ ಇಳಿದು ತನ್ನ ಮೇಲೆ ಕೂತ ಮೇಲೆ ಭಾರ ಹಿಡಿಯುತ್ತದೆ. ಛಾವಣಿ ಇಳಿಯುವ ಮೊದಲೇ ಬೋಲ್ಟ್ ಹಿಡಿಯಬೇಕು. ಪದರಗಳು ಬಾಯಿಬಿಟ್ಟ ಮೇಲೆ ಎಷ್ಟು ಬೋಲ್ಟ್ ಹೊಡೆದರೂ ಅರ್ಧ ಕೆಲಸ.

ಲೆಕ್ಕ ನೋಡಿ. ನೆತ್ತಿಯ ಮೇಲೆ ಒಂದು ಮೀಟರ್ ಸಡಿಲ ಶೇಲ್ ಇದೆ, ಬೋಲ್ಟ್‌ಗಳ ನಡುವೆ 1.2 ಮೀಟರ್ ಅಂತರ ಅನ್ನಿ. ಒಂದು ಬೋಲ್ಟಿನ ಪಾಲಿಗೆ ಬರುವುದು ಸುಮಾರು ಮೂರೂವರೆ ಟನ್. 22 ಮಿಲಿಮೀಟರ್ ಸರಳಿನ ಉಕ್ಕು 19 ಟನ್ ಹತ್ತಿರ ತಡೆಯುತ್ತದೆ. ಅಂದರೆ ಸರಳು ತುಂಡಾಗುವುದು ಅಪರೂಪ. ಕೈಕೊಡುವುದು ಆಂಕರ್, ಅಂದರೆ ತೂತಿನೊಳಗೆ ಸರಳಿಗೂ ಕಲ್ಲಿಗೂ ಇರುವ ಹಿಡಿತ.

ಹಳೇ ಕಾಲದ ಎಕ್ಸ್‌ಪಾನ್ಶನ್ ಶೆಲ್ ಆಂಕರ್ (ಬಿಗಿದಾಗ ತೂತಿನ ತುದಿಯಲ್ಲಿ ಅಗಲವಾಗಿ ಕಲ್ಲಿಗೆ ಒತ್ತಿಕೊಳ್ಳುವ ಹಲ್ಲಿನ ತುಂಡು) ಗಟ್ಟಿ ಬಂಡೆಯಲ್ಲಿ ಚೆನ್ನಾಗಿ ಕಚ್ಚುತ್ತದೆ. ಮೆತ್ತನೆ ಶೇಲಿನಲ್ಲಿ ಅದರ ಹಲ್ಲು ಕಲ್ಲನ್ನೇ ಪುಡಿ ಮಾಡಿ ಜಾರುತ್ತದೆ. ರೆಸಿನ್ (ಗಟ್ಟಿಯಾಗುವ ಅಂಟು) ತುಂಬಿದ ಕ್ಯಾಪ್ಸೂಲ್ ಬಂದ ಮೇಲೆ ತೂತಿನ ಉದ್ದಕ್ಕೂ ಹಿಡಿತ ಸಿಕ್ಕಿತು. ಕ್ಯಾಪ್ಸೂಲಿನಲ್ಲಿ ಎರಡು ಖಾನೆ, ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಅದನ್ನು ಗಟ್ಟಿಯಾಗಿಸುವ ಪದಾರ್ಥ. ಸರಳನ್ನು ತಿರುಗಿಸುತ್ತಾ ಒಳಗೆ ತಳ್ಳಿದರೆ ಅದು ಒಡೆದು ಬೆರೆಯುತ್ತದೆ. ತೂತು ಸರಳಿಗಿಂತ ಐದಾರು ಮಿಲಿಮೀಟರ್ ಮಾತ್ರ ಅಗಲ ಇರಬೇಕು. ಜಾಸ್ತಿ ಅಗಲವಾದರೆ ರೆಸಿನ್ ಸರಿಯಾಗಿ ಬೆರೆಯುವುದಿಲ್ಲ, ಕ್ಯಾಪ್ಸೂಲಿನ ಪ್ಲಾಸ್ಟಿಕ್ ಹಾಗೇ ಸುತ್ತಿಕೊಂಡು ಉಳಿಯುತ್ತದೆ. ಕಡಿಮೆ ತಿರುಗಿಸಿದರೆ ಗಟ್ಟಿಯಾಗದು. ಗಟ್ಟಿಯಾಗತೊಡಗಿದ ಮೇಲೂ ತಿರುಗಿಸಿದರೆ ಆಗಷ್ಟೇ ಹಿಡಿದದ್ದು ಪುಡಿಯಾಗುತ್ತದೆ. ಇದೆಲ್ಲ ಕೆಲವೇ ಸೆಕೆಂಡುಗಳ ಮಾತು. ಹೊರಗಿನಿಂದ ನೋಡಿದರೆ ಒಳ್ಳೆ ಬೋಲ್ಟ್, ಕೆಟ್ಟ ಬೋಲ್ಟ್ ಎರಡೂ ಒಂದೇ ತರ. ಅದಕ್ಕೇ ಜ್ಯಾಕ್ ಹಾಕಿ ಎಳೆದು ನೋಡುವ ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬಾರದು ಎಂದು ನಾನು ಹಟ ಹಿಡಿಯುತ್ತೇನೆ.

ಈಗ ಟ್ರಸ್. ಶೆಡ್ಡಿನ ಟ್ರಸ್ಸಿಗೂ ಇದಕ್ಕೂ ಸಂಬಂಧ ಕಮ್ಮಿ. ನಮ್ಮ ದೇಶದ ಕಲ್ಲಿದ್ದಲು ಗಣಿಗಳಲ್ಲಿ ಗ್ಯಾಲರಿಯ ಅಗಲ ಸಾಮಾನ್ಯವಾಗಿ 4.8 ಮೀಟರ್ ಮೀರುವ ಹಾಗಿಲ್ಲ. ಆದರೆ ಎರಡು ಗ್ಯಾಲರಿ ಕೂಡುವ ಜಂಕ್ಷನ್ನಿನಲ್ಲಿ ಮೂಲೆಯಿಂದ ಮೂಲೆಗೆ ಅಳೆಯಿರಿ, 6.8 ಮೀಟರ್ ಆಗುತ್ತದೆ. ಛಾವಣಿ ಜಾಸ್ತಿ ಕುಸಿಯುವುದೂ ಅಲ್ಲೇ. ಅಂಥ ಕಡೆ ಸಡಿಲ ಕಲ್ಲು ಬೋಲ್ಟಿನ ಉದ್ದಕ್ಕಿಂತ ಎತ್ತರದವರೆಗೂ ಇದ್ದರೆ, ನೇರ ಹೊಡೆದ ಬೋಲ್ಟಿನ ಆಂಕರ್ ಕೂತಿರುವುದೂ ಬೀಳುವ ಕಲ್ಲಿನಲ್ಲೇ! ನಿಮ್ಮ ಅನುಮಾನ ನಿಜವಾಗುವುದು ಇಲ್ಲಿ.

ಟ್ರಸ್ ಇದಕ್ಕೆ ದಾರಿ. 1960ರ ದಶಕದಲ್ಲಿ ಅಮೆರಿಕದ ಕಲ್ಲಿದ್ದಲು ಗಣಿಗಳಲ್ಲಿ ಬಳಕೆಗೆ ಬಂತು. ಎರಡೂ ಗೋಡೆಗಳ ಹತ್ತಿರದಿಂದ 45 ಡಿಗ್ರಿ ಓರೆಯಾಗಿ, ಪಿಲ್ಲರ್‌ಗಳ ತಲೆಯ ಕಡೆಗೆ ತೂತು ಕೊರೆಯುತ್ತಾರೆ. ಪಿಲ್ಲರ್ ಮೇಲಿನ ಕಲ್ಲು ಕೆಳಗೆ ಆಸರೆ ಇರುವುದರಿಂದ ಅಲುಗಾಡಿರುವುದಿಲ್ಲ. ಆಂಕರ್ ಅಲ್ಲಿ ಕೂರುತ್ತದೆ. ಎರಡು ಓರೆ ಬೋಲ್ಟ್‌ಗಳ ಬಾಯಿಗಳನ್ನು ಛಾವಣಿಯ ಕೆಳಗೆ ಅಡ್ಡ ಸರಳಿನಿಂದ ಜೋಡಿಸಿ, ನಡುವಿನ ಟರ್ನ್‌ಬಕಲ್ (ಎರಡೂ ಕಡೆಯ ಸರಳನ್ನು ಒಳಗೆಳೆಯುವ ತಿರುಪು) ತಿರುಗಿಸಿ ಬಿಗಿಯುತ್ತಾರೆ. ಈಗ ಸರಳಿನ ಬದಲು ಉಕ್ಕಿನ ಕೇಬಲ್ ಹಾಕುವುದೂ ಉಂಟು.

ಬಿಗಿದಾಗ ಎರಡು ಕೆಲಸ ಆಗುತ್ತದೆ. 10 ಟನ್ ಎಳೆತ ಕೊಟ್ಟರೆ ಛಾವಣಿಯ ಕಲ್ಲು ಅಡ್ಡಡ್ಡಲಾಗಿ ಅಷ್ಟೇ ಬಲದಲ್ಲಿ ಅಮುಕಿಕೊಳ್ಳುತ್ತದೆ. ಜೊತೆಗೆ ಎರಡೂ ಮೂಲೆ ಸೇರಿ ಸುಮಾರು 14 ಟನ್ ಮೇಲ್ಮುಖ ಒತ್ತಡ. ತಿಕ್ಕಾಟದಲ್ಲಿ ಸ್ವಲ್ಪ ಹೋಗುತ್ತದೆ ಬಿಡಿ. ಕಲ್ಲು ಎಳೆತಕ್ಕೆ ಸೋಲುತ್ತದೆ, ಅಮುಕಿಗೆ ಅಷ್ಟು ಸುಲಭಕ್ಕೆ ಸೋಲುವುದಿಲ್ಲ ಅಲ್ವಾ? ಪ್ರೀಸ್ಟ್ರೆಸ್ಡ್ ಕಾಂಕ್ರೀಟ್ ಓದಿದ್ದರೆ ಈ ವಿಚಾರ ನಿಮಗೆ ಹೊಸದಲ್ಲ. ಗೋಡೆಯ ಅಂಚಿನಲ್ಲಿ ಛಾವಣಿ ಸೀಳುವ ಕಡೆಯೂ ಓರೆ ಬೋಲ್ಟ್ ಆ ಸೀಳನ್ನು ದಾಟಿ ಹೋಗುವುದರಿಂದ ಉಪಯೋಗವಾಗುತ್ತದೆ.

ಆದರೆ ಕೋನ ತಪ್ಪಿದರೆ ಎಲ್ಲ ವ್ಯರ್ಥ. ಗೋಡೆಯಿಂದ 0.6 ಮೀಟರ್ ದೂರದಲ್ಲಿ, 45 ಡಿಗ್ರಿಯಲ್ಲಿ 2.4 ಮೀಟರ್ ತೂತು ಕೊರೆದರೆ ಅದರ ತುದಿ ಪಿಲ್ಲರ್ ಮೇಲೆ ಒಂದು ಮೀಟರಿಗೂ ಜಾಸ್ತಿ ಒಳಗೆ ಹೋಗುತ್ತದೆ. ಇಕ್ಕಟ್ಟು ಅಂತ ಇನ್ನೂ ನೆಟ್ಟಗೆ, 70 ಡಿಗ್ರಿಯಲ್ಲಿ ಕೊರೆದರೆ ಇಪ್ಪತ್ತೇ ಸೆಂಟಿಮೀಟರ್. ಕಲ್ಲಿದ್ದಲಿನ ಅಂಚು ಉದುರುವ ಜಾಗ ಅದು, ಅಲ್ಲಿ ಆಂಕರನ್ನು ನಂಬಲಾಗದು. ಹಾಗೆಯೇ ಟರ್ನ್‌ಬಕಲ್ ಬಿಗಿಯದೆ ಬಿಟ್ಟ ಟ್ರಸ್ ಬರೀ ಜೋತಾಡುವ ಸರಳು.

ಕಂಬ ಬೇಡವೇ ಬೇಡ ಅಂತಲ್ಲ. ಕೊನೆಗೆ ಆ ಪಿಲ್ಲರ್‌ಗಳನ್ನೂ ಕಡಿದು ತೆಗೆಯುವಾಗ ಮರದ ಚಾಕ್ (ಅಡ್ಡಡ್ಡ ಪೇರಿಸಿದ ದಿಮ್ಮಿಗಳ ಆಸರೆ), ಪ್ರಾಪ್ (ಒಂಟಿ ಕಂಬ) ಇವತ್ತಿಗೂ ಬೇಕು. ಮರಕ್ಕೆ ಒಂದು ದೊಡ್ಡ ಗುಣವಿದೆ: ಭಾರ ಜಾಸ್ತಿಯಾದರೆ ಲಟಲಟ ಸದ್ದು ಮಾಡುತ್ತದೆ, ಜನ ಓಡಬಹುದು. ಬೋಲ್ಟ್ ಹಾಗೆ ಕೂಗಿ ಹೇಳುವುದಿಲ್ಲ. ಹಾಗಾಗಿ ಬೋಲ್ಟ್ ಹಾಕಿದ ಕಡೆ ಟೆಲ್‌ಟೇಲ್ ಹಾಕಲೇಬೇಕು. ಅದು ಛಾವಣಿಯಿಂದ ಇಳಿಬಿದ್ದ, ಬಣ್ಣದ ಪಟ್ಟಿಗಳಿರುವ ಪುಟ್ಟ ಕೊಳವೆ. ಪದರ ಬಿಟ್ಟುಕೊಂಡ ಹಾಗೆ ಪಟ್ಟಿಗಳು ಒಂದೊಂದಾಗಿ ಮರೆಯಾಗುತ್ತವೆ. ಬೋಲ್ಟಿನ ಬಾಯಲ್ಲಿ ಛಾವಣಿಗೆ ಒತ್ತಿ ಕೂತ ಉಬ್ಬಿದ ಉಕ್ಕಿನ ತಗಡು, ಅಂದರೆ ಬೇರಿಂಗ್ ಪ್ಲೇಟ್, ಚಪ್ಪಟೆಯಾಗಿದೆಯಾ ಅಂತಲೂ ನೋಡಬೇಕು, ಆಗಿದ್ದರೆ ಭಾರ ಬಂದಿದೆ ಅಂತಲೇ ಲೆಕ್ಕ.

ಪ್ರಾಜೆಕ್ಟ್ ಮಾಡುವುದಾದರೆ ಗ್ಯಾಲರಿ ಬಿಟ್ಟು ಜಂಕ್ಷನ್ ಲೆಕ್ಕ ತೆಗೆದುಕೊಳ್ಳಿ. ಸಡಿಲ ಪದರದ ದಪ್ಪ ಸಿಕ್ಕರೆ ಇಲ್ಲಿ ಬರೆಯಿರಿ, ಬೋಲ್ಟ್ ಸಾಕೋ ಟ್ರಸ್ ಬೇಕೋ ಒಟ್ಟಿಗೆ ನೋಡೋಣ.